ಮಾತ್ರೆ ನೆನಪಿಸುವ ವರ್ಚುವಲ್ ಅಸಿಸ್ಟೆಂಟ್: ಏನಿದು, ಕನ್ನಡದಲ್ಲಿ ಬಳಸುವುದು ಹೇಗೆ, ಎಲ್ಲಿ ಎಚ್ಚರ ಬೇಕು?

ಚೆನ್ನೈ: ಪುರಸೈವಾಕ್ಕಂನ ಒಂದು ಫ್ಲಾಟ್ ಅನ್ನು ಕಣ್ಣಮುಂದೆ ತಂದುಕೊಳ್ಳಿ. ಎಪ್ಪತ್ತು ದಾಟಿದ ತಾಯಿ ಒಬ್ಬರೇ ಇದ್ದಾರೆ. ಮಗ ಬೆಂಗಳೂರಿನಲ್ಲಿ, ಮಗಳು ಹೊರದೇಶದಲ್ಲಿ. ಬಿಪಿಗೆ ಒಂದು, ಶುಗರ್‌ಗೆ ಎರಡು, ಥೈರಾಯ್ಡ್‌ಗೆ ಒಂದು ಮಾತ್ರೆ. ವೈದ್ಯರ ಚೀಟಿ ಇಂಗ್ಲಿಷಿನಲ್ಲಿದೆ, ಮೆಡಿಕಲ್ ಶಾಪ್‌ನವರು ತಮಿಳಿನಲ್ಲಿ ಹೇಳಿ ಕಳಿಸುತ್ತಾರೆ, ತಾಯಿ ಸಲೀಸಾಗಿ ಓದುವುದು ಕನ್ನಡ ಮಾತ್ರ. ರಾತ್ರಿ ಮಗ ಫೋನ್ ಮಾಡಿ ‘ಅಮ್ಮಾ, ಮಾತ್ರೆ ತಗೊಂಡ್ಯಾ?’ ಎಂದರೆ ‘ಹ್ಞೂಂ ಕಣೋ’ ಎಂಬ ಉತ್ತರ ಬರುತ್ತದೆ. ನಿಜಕ್ಕೂ ತೆಗೆದುಕೊಂಡರೇ? ಗೊತ್ತಾಗುವುದು ಹೇಗೆ?

ಇಂಥ ಮನೆಗಳು ಚೆನ್ನೈನಲ್ಲೂ ಇವೆ, ಮಲ್ಲೇಶ್ವರಂನಲ್ಲೂ ಇವೆ, ಹುಬ್ಬಳ್ಳಿಯಲ್ಲೂ ಇವೆ. ಈ ಪ್ರಶ್ನೆಗೆ ಈಗ ಹಲವರು ಕೊಡುವ ಉತ್ತರ ವರ್ಚುವಲ್ ಅಸಿಸ್ಟೆಂಟ್, ಅಂದರೆ ಮಾತಿಗೆ ಮಾತಿನಲ್ಲೇ ಉತ್ತರಿಸುವ ಫೋನ್ ಅಥವಾ ಸ್ಪೀಕರ್. ‘ಬೆಳಗ್ಗೆ ಎಂಟಕ್ಕೆ ಬಿಪಿ ಮಾತ್ರೆ ನೆನಪಿಸು’ ಎಂದು ಒಮ್ಮೆ ಹೇಳಿಟ್ಟರೆ ದಿನವೂ ನೆನಪಿಸುತ್ತದೆ.

ಇದರಿಂದ ಎಷ್ಟು ಉಪಯೋಗ? ಎಲ್ಲಿ ಅಪಾಯ? ಕನ್ನಡದಲ್ಲಿ ಏನು ಸಿಗುತ್ತದೆ? ಚೆನ್ನೈ ಮತ್ತು ಬೆಂಗಳೂರಿನಲ್ಲಿ ನಡೆದ ಸಂಶೋಧನೆಗಳ ಸಹಿತ ಪೂರ್ಣ ಮಾಹಿತಿ ಇಲ್ಲಿದೆ.

ಏನಿದು ವರ್ಚುವಲ್ ಅಸಿಸ್ಟೆಂಟ್?

ನಮ್ಮ ಮಾತನ್ನು ಕೇಳಿಸಿಕೊಂಡು, ಅದನ್ನು ಅಕ್ಷರಕ್ಕೆ ಇಳಿಸಿ, ಅರ್ಥ ಮಾಡಿಕೊಂಡು ಕೆಲಸ ಮಾಡುವ ಸಾಫ್ಟ್‌ವೇರ್ ಇದು. ಆ್ಯಪಲ್‌ನ ಸಿರಿ, ಅಮೆಜಾನ್‌ನ ಅಲೆಕ್ಸಾ, ಗೂಗಲ್ ಅಸಿಸ್ಟೆಂಟ್ ಮತ್ತು ಈಗ ಅದರ ಜಾಗಕ್ಕೆ ಬರುತ್ತಿರುವ ಜೆಮಿನಿ ಇದೇ ಗುಂಪಿಗೆ ಸೇರುತ್ತವೆ. ಔಷಧದ ವಿಷಯದಲ್ಲಿ ಇವು ಮುಖ್ಯವಾಗಿ ಮೂರು ಕೆಲಸ ಮಾಡಬಲ್ಲವು.

• ಹೊತ್ತಿಗೆ ಸರಿಯಾಗಿ ನೆನಪಿಸುವುದು.
• ತೆಗೆದುಕೊಂಡದ್ದನ್ನು ಗುರುತು ಹಾಕಿಕೊಳ್ಳುವುದು. ಉದಾಹರಣೆಗೆ, ಐಫೋನ್‌ನ ಹೆಲ್ತ್ ಆ್ಯಪ್‌ನಲ್ಲಿ 2022ರಿಂದ ಈ ಸೌಲಭ್ಯ ಇದೆ.
• ಔಷಧದ ಬಗ್ಗೆ ಕೇಳಿದ ಪ್ರಶ್ನೆಗೆ ಉತ್ತರಿಸುವುದು.

ಮೊದಲನೆಯದು ಸುಲಭ, ಸಾಕಷ್ಟು ನಂಬಬಹುದು. ಎರಡನೆಯದು ಅರ್ಧ ಮಾತ್ರ ನಂಬಬಹುದಾದದ್ದು. ಮೂರನೆಯದರಲ್ಲಿ ಅಪಾಯವಿದೆ. ಅಮೆರಿಕದಲ್ಲಿ ಅಮೆಜಾನ್ 2019ರ ನವೆಂಬರ್‌ನಲ್ಲಿ ಜೈಂಟ್ ಈಗಲ್ ಎಂಬ ಔಷಧ ಮಳಿಗೆ ಸರಣಿಯ ಜತೆ ಸೇರಿ ಅಲೆಕ್ಸಾ ಮೂಲಕ ಮಾತ್ರೆ ನೆನಪಿಸುವ, ಮುಗಿದ ಮಾತ್ರೆಯನ್ನು ಮತ್ತೆ ತರಿಸುವ ಸೇವೆ ಆರಂಭಿಸಿತು. ಅಲ್ಲಿ ವೈದ್ಯರ ಚೀಟಿಯ ವಿವರ ನೇರವಾಗಿ ಔಷಧ ಮಳಿಗೆಯ ದಾಖಲೆಯಿಂದಲೇ ಬರುತ್ತಿತ್ತು. ನಮ್ಮಲ್ಲಿ ಸಾಮಾನ್ಯವಾಗಿ ಆ ವಿವರವನ್ನು ಮನೆಯವರೇ ತುಂಬಬೇಕು. ಆದ್ದರಿಂದ ತಪ್ಪು ನುಸುಳುವ ಮೊದಲ ಜಾಗವೂ ಅದೇ.

ಮಾತ್ರೆ ತಪ್ಪುವುದು ಏಕೆ?

ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಶ್ರೀಮಂತ ದೇಶಗಳಲ್ಲೇ ದೀರ್ಘಕಾಲದ ಕಾಯಿಲೆ ಇರುವವರಲ್ಲಿ ಹೇಳಿದಂತೆ ಔಷಧ ಸೇವಿಸುವವರ ಪ್ರಮಾಣ ಸರಾಸರಿ ಶೇ. 50. ಬಡ ದೇಶಗಳಲ್ಲಿ ಇದು ಇನ್ನೂ ಕಡಿಮೆ ಎಂದು ಅದೇ ವರದಿ ಹೇಳಿತ್ತು.

ಕಾರಣ ಮರೆವೊಂದೇ ಅಲ್ಲ. ಮಾತ್ರೆ ನುಂಗಿದರೆ ಹೊಟ್ಟೆ ಉರಿಯುತ್ತದೆ ಎಂದು ಬಿಡುವವರಿದ್ದಾರೆ. ‘ಈಗ ಬಿಪಿ ನಾರ್ಮಲ್ ಇದೆಯಲ್ಲ’ ಎಂದು ನಿಲ್ಲಿಸುವವರಿದ್ದಾರೆ. ತಿಂಗಳ ಕೊನೆಯಲ್ಲಿ ದುಡ್ಡು ಸಾಲದೆ ದಿನ ಬಿಟ್ಟು ದಿನ ತೆಗೆದುಕೊಳ್ಳುವವರಿದ್ದಾರೆ. ನೆಂಟರ ಮುಂದೆ ಮಾತ್ರೆ ತೆಗೆಯಲು ಸಂಕೋಚ ಪಡುವವರಿದ್ದಾರೆ. ನೆನಪಿಸುವ ಯಂತ್ರ ಮರೆವಿಗೆ ಮಾತ್ರ ಮದ್ದು. ಉಳಿದ ಕಾರಣಗಳು ಅದರ ಕಿವಿಗೆ ಬೀಳುವುದೇ ಇಲ್ಲ. ಹಾಗಾಗಿ ನಿಮ್ಮ ಮನೆಯಲ್ಲಿ ಮಾತ್ರೆ ತಪ್ಪುತ್ತಿರುವುದು ಏಕೆ ಎಂದು ತಿಳಿದುಕೊಳ್ಳುವುದು ಮೊದಲ ಕೆಲಸ.

ಪುರಸೈವಾಕ್ಕಂ ಪಕ್ಕದಲ್ಲೇ ನಡೆದ ಪ್ರಯೋಗ

‘ಮನೆಗೆ ಕೊಟ್ಟು ಕಳಿಸಿದ ಮಾತ್ರೆಯನ್ನು ರೋಗಿ ನುಂಗುತ್ತಾರೆಯೇ?’ ಎಂಬ ಪ್ರಶ್ನೆಯನ್ನು ವೈದ್ಯಲೋಕ ಗಂಭೀರವಾಗಿ ಎತ್ತಿಕೊಂಡ ಜಾಗಗಳಲ್ಲಿ ಒಂದು ಪುರಸೈವಾಕ್ಕಂಗೆ ಹತ್ತಿರದ ಚೆಟ್‌ಪೇಟ್. ಅಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆ 1956ರಲ್ಲಿ ‘ಟ್ಯೂಬರ್‌ಕ್ಯುಲೋಸಿಸ್ ಕೀಮೋಥೆರಪಿ ಸೆಂಟರ್’ ಎಂಬ ಹೆಸರಿನಲ್ಲಿ ಆರಂಭವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದ್ರಾಸ್ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್‌ನ ವೈದ್ಯಕೀಯ ಸಂಶೋಧನಾ ಮಂಡಳಿ ಜತೆಗೂಡಿ ಇದನ್ನು ಕಟ್ಟಿದವು. ಬ್ರಿಟಿಷ್ ವೈದ್ಯ ವ್ಯಾಲೇಸ್ ಫಾಕ್ಸ್ ಆರಂಭದ ವರ್ಷಗಳಲ್ಲಿ ಇದನ್ನು ಮುನ್ನಡೆಸಿದರು.

ಆಗ ಟಿಬಿ ಎಂದರೆ ತಿಂಗಳುಗಟ್ಟಲೆ ಸ್ಯಾನಟೋರಿಯಂನಲ್ಲಿ ಮಲಗುವ ಕಾಯಿಲೆ. ದೇಶದಲ್ಲಿದ್ದ ಹಾಸಿಗೆಗಳು ಯಾವ ಮೂಲೆಗೂ ಸಾಲುತ್ತಿರಲಿಲ್ಲ. ಮದ್ರಾಸಿನ ತಂಡ 193 ರೋಗಿಗಳನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಸ್ಯಾನಟೋರಿಯಂನಲ್ಲಿ, ಇನ್ನೊಂದಕ್ಕೆ ಇಕ್ಕಟ್ಟಿನ ಬಡ ಮನೆಗಳಲ್ಲೇ ಒಂದು ವರ್ಷ ಅದೇ ಔಷಧ ಕೊಟ್ಟಿತು. 1959ರಲ್ಲಿ ಪ್ರಕಟವಾದ ಫಲಿತಾಂಶ ಜಗತ್ತಿನ ಟಿಬಿ ಚಿಕಿತ್ಸೆಯನ್ನೇ ಬದಲಿಸಿತು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು.

ಆದರೆ ಮನೆಯಲ್ಲಿ ಮಾತ್ರೆ ತೆಗೆದುಕೊಂಡರೋ ಇಲ್ಲವೋ ತಿಳಿಯಬೇಕಿತ್ತು. ಸಿಬ್ಬಂದಿ ಮುನ್ಸೂಚನೆ ಇಲ್ಲದೆ ಮನೆಗೆ ಹೋಗಿ ಉಳಿದ ಮಾತ್ರೆ ಎಣಿಸುತ್ತಿದ್ದರು, ಮೂತ್ರ ಪರೀಕ್ಷೆ ಮಾಡುತ್ತಿದ್ದರು. ರೋಗಿ ಬಾಯಲ್ಲಿ ಹೇಳಿದ್ದಕ್ಕೂ ದೇಹಕ್ಕೆ ಸೇರಿದ್ದಕ್ಕೂ ವ್ಯತ್ಯಾಸ ಇರಬಹುದು ಎಂಬುದು ಈ ಕೆಲಸದಿಂದ ಗಟ್ಟಿಯಾಯಿತು. ಕಣ್ಣೆದುರೇ ಮಾತ್ರೆ ನುಂಗಿಸುವ ‘ಡಾಟ್ಸ್’ ಪದ್ಧತಿಯ ಬೇರುಗಳಲ್ಲಿ ಒಂದು ಇಲ್ಲಿದೆ. ಭಾರತ ಈ ಪದ್ಧತಿಯನ್ನು 1997ರಿಂದ ದೊಡ್ಡ ಮಟ್ಟದಲ್ಲಿ ಜಾರಿಗೆ ತಂದಿತು.

ಮಾತ್ರೆಯ ಹಿಂದೆ ಅಡಗಿದ ಫೋನ್ ನಂಬರ್

ಪ್ರತಿಯೊಬ್ಬರನ್ನೂ ದಿನವೂ ಕಣ್ಣೆದುರು ಕೂರಿಸಿ ಮಾತ್ರೆ ಕೊಡುವುದು ಕಷ್ಟ. ಕೂಲಿ ಬಿಟ್ಟು ಕೇಂದ್ರಕ್ಕೆ ಬರಬೇಕು, ಬಸ್ ಖರ್ಚು ಬೇರೆ. ಇದಕ್ಕೆ ಬೆಂಗಳೂರಿನಲ್ಲಿ ಒಂದು ಸರಳ ಉಪಾಯ ಹುಟ್ಟಿತು. ಮೈಕ್ರೋಸಾಫ್ಟ್ ರಿಸರ್ಚ್‌ನ ಬೆಂಗಳೂರು ಕೇಂದ್ರದಲ್ಲಿ ರೂಪುಗೊಂಡ ‘99ಡಾಟ್ಸ್’ ಅನ್ನು ಬಳಿಕ ಅದೇ ನಗರದ ಎವರ್‌ವೆಲ್ ಹೆಲ್ತ್ ಸೊಲ್ಯೂಷನ್ಸ್ ಮುನ್ನಡೆಸಿತು. ರಾಷ್ಟ್ರೀಯ ಕ್ಷಯ ನಿರ್ಮೂಲನಾ ಕಾರ್ಯಕ್ರಮವೂ ಇದನ್ನು ಬಳಸಿತು.

ಇದರಲ್ಲಿ ಮಾತ್ರೆಯ ಸ್ಟ್ರಿಪ್ ಅನ್ನು ಒಂದು ಕಾಗದದ ಕವರ್‌ಗೆ ಅಂಟಿಸಿರುತ್ತಾರೆ. ಮಾತ್ರೆ ಒತ್ತಿ ತೆಗೆದಾಗ ಹಿಂದೆ ಅಡಗಿದ್ದ ಫೋನ್ ನಂಬರ್ ಕಾಣುತ್ತದೆ. ರೋಗಿ ತನ್ನ ಫೋನಿನಿಂದ ಆ ನಂಬರ್‌ಗೆ ಉಚಿತವಾಗಿ ಕರೆ ಮಾಡಿದರೆ ಸಾಕು. ಇಂದು ಯಾವ ನಂಬರ್ ಬರುತ್ತದೆ ಎಂದು ಮೊದಲೇ ಊಹಿಸಲು ಆಗದ ಕಾರಣ, ಕರೆ ಬಂದರೆ ಮಾತ್ರೆ ಸ್ಟ್ರಿಪ್‌ನಿಂದ ಹೊರಬಂದಿದೆ ಎಂದು ಅರ್ಥ. ಸ್ಮಾರ್ಟ್‌ಫೋನ್ ಬೇಡ, ಇಂಟರ್‌ನೆಟ್ ಬೇಡ, ಓದಲೂ ಬರಬೇಕಿಲ್ಲ, ಅಂಕಿ ಗುರುತಿಸಿದರೆ ಸಾಕು.

ಹಾಗಾದರೆ ಸಮಸ್ಯೆ ಮುಗಿಯಿತೇ? ಇಲ್ಲ. ಚೆಟ್‌ಪೇಟ್ ಸಂಸ್ಥೆಯ ಸಂಶೋಧಕರಿದ್ದ ತಂಡ ಚೆನ್ನೈ, ವೆಲ್ಲೂರು ಮತ್ತು ಮುಂಬೈನಲ್ಲಿ ಇದನ್ನು ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿತು. ವಿಧಾನ ಅರವತ್ತು ವರ್ಷ ಹಿಂದಿನದೇ. ಹೇಳದೆ ಮನೆಗೆ ಹೋಗಿ ಮೂತ್ರ ಪರೀಕ್ಷೆ ಮಾಡಿ, ಅದನ್ನು ಫೋನ್ ದಾಖಲೆಯ ಜತೆ ಹೋಲಿಸಿದರು. ಎರಡೂ ಸರಿಯಾಗಿ ತಾಳೆಯಾಗಲಿಲ್ಲ. ಮಾತ್ರೆ ನುಂಗಿಯೂ ಕರೆ ಮಾಡದವರಿದ್ದರು, ಕರೆ ದಾಖಲಾಗಿದ್ದರೂ ಮೂತ್ರದಲ್ಲಿ ಔಷಧದ ಸುಳಿವಿಲ್ಲದವರೂ ಇದ್ದರು.

ಇಂದಿನ ವರ್ಚುವಲ್ ಅಸಿಸ್ಟೆಂಟ್‌ಗೂ ಈ ಪಾಠ ಅನ್ವಯಿಸುತ್ತದೆ. ‘ತಗೊಂಡೆ’ ಎಂದು ಸ್ಪೀಕರ್‌ಗೆ ಹೇಳುವುದು, ಆ್ಯಪ್‌ನಲ್ಲಿ ಟಿಕ್ ಹಾಕುವುದು ಒಂದು ಸುಳಿವಷ್ಟೇ. ನಂಬರ್ ಅಡಗಿಸಿಟ್ಟ ಕವರ್‌ಗೇ ಖಚಿತವಾಗಿ ಹೇಳಲು ಆಗದ್ದನ್ನು ಬಾಯಿಮಾತು ಕೇಳುವ ಸ್ಪೀಕರ್ ಹೇಳಲಾರದು.

ಬೆಂಗಳೂರಿನ ಕರೆ, ಕೆನ್ಯಾದ ಮೆಸೇಜ್

ಅಲೆಕ್ಸಾ ಹುಟ್ಟುವ ಮೊದಲೇ ದಕ್ಷಿಣ ಭಾರತದ ರೋಗಿಗಳ ಫೋನ್‌ಗೆ ‘ಯಂತ್ರದ ದನಿ’ ಕರೆ ಮಾಡಿತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರು ಎಚ್‌ಐವಿ ಚಿಕಿತ್ಸೆ ಪಡೆಯುತ್ತಿದ್ದ 150 ಮಂದಿಗೆ ವಾರಕ್ಕೊಮ್ಮೆ ಸ್ವಯಂಚಾಲಿತ ಕರೆ ಮತ್ತು ಚಿತ್ರ ಸಂದೇಶ ಕಳಿಸಿದರು. 2012ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಸರಿಯಾಗಿ ಔಷಧ ಸೇವಿಸುವವರ ಪ್ರಮಾಣ ಶೇ. 85ರಿಂದ ಶೇ. 91ಕ್ಕೆ ಏರಿತ್ತು. ಆದರೆ ಅದರಲ್ಲಿ ಹೋಲಿಕೆಗೆ ಕರೆ ಪಡೆಯದ ಇನ್ನೊಂದು ಗುಂಪು ಇರಲಿಲ್ಲ.

ಮುಂದೆ ದೊಡ್ಡ ಪ್ರಯೋಗ ನಡೆಯಿತು. ದಕ್ಷಿಣ ಭಾರತದ ಮೂರು ಕೇಂದ್ರಗಳ 631 ಮಂದಿಯಲ್ಲಿ ಅರ್ಧದಷ್ಟು ಜನರಿಗೆ 96 ವಾರ ಕರೆ, ಉಳಿದವರಿಗೆ ಎಂದಿನ ಚಿಕಿತ್ಸೆ ಮಾತ್ರ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಫಲಿತಾಂಶ ಹಲವರ ಉತ್ಸಾಹಕ್ಕೆ ತಣ್ಣೀರು ಎರಚಿತು. ಚಿಕಿತ್ಸೆ ಸೋಲುವ ಪ್ರಮಾಣದಲ್ಲಿ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸವೇ ಕಾಣಲಿಲ್ಲ.

ಇದಕ್ಕೂ ಮೊದಲು ಕೆನ್ಯಾದಲ್ಲಿ 538 ಮಂದಿಯ ಮೇಲೆ ನಡೆದ ಪ್ರಯೋಗ (2010) ಬೇರೆ ಉತ್ತರ ಕೊಟ್ಟಿತ್ತು. ಅಲ್ಲಿ ವಾರಕ್ಕೊಮ್ಮೆ ಹೋಗುತ್ತಿದ್ದ ಮೆಸೇಜ್‌ನಲ್ಲಿ ಮಾತ್ರೆಯ ಮಾತೇ ಇರಲಿಲ್ಲ. ‘ಹೇಗಿದ್ದೀರಿ?’ ಎಂಬರ್ಥದ ಒಂದು ಸ್ವಾಹಿಲಿ ಪದ ಮಾತ್ರ. 48 ಗಂಟೆಯೊಳಗೆ ‘ಚೆನ್ನಾಗಿದ್ದೇನೆ’ ಅಥವಾ ‘ತೊಂದರೆ ಇದೆ’ ಎಂದು ಉತ್ತರಿಸಬೇಕಿತ್ತು. ತೊಂದರೆ ಎಂದವರಿಗೆ, ಉತ್ತರಿಸದವರಿಗೆ ಆರೋಗ್ಯ ಸಿಬ್ಬಂದಿಯೇ ಫೋನ್ ಮಾಡುತ್ತಿದ್ದರು. ಈ ಗುಂಪಿನ ಶೇ. 62 ಮಂದಿ ಔಷಧವನ್ನು ಸರಿಯಾಗಿ ಸೇವಿಸಿದ್ದರು, ಮೆಸೇಜ್ ಇಲ್ಲದ ಗುಂಪಿನಲ್ಲಿ ಆ ಪ್ರಮಾಣ ಶೇ. 50.

ಎರಡು ದೇಶ, ಎರಡು ಬಗೆಯ ಆಸ್ಪತ್ರೆ, ಹಾಗಾಗಿ ನೇರ ಹೋಲಿಕೆ ಸರಿಯಲ್ಲ. ಆದರೂ ಕೆನ್ಯಾದ ಮೆಸೇಜ್‌ನ ಹಿಂದೆ ಒಬ್ಬ ಮನುಷ್ಯ ಇದ್ದ, ತೊಂದರೆ ಹೇಳಿಕೊಂಡರೆ ಕೇಳುವವರಿದ್ದರು ಎಂಬುದನ್ನು ಗಮನಿಸಬೇಕು. ಮನೆಯಲ್ಲಿ ಅಸಿಸ್ಟೆಂಟ್ ಇಡುವವರು ಅನುಸರಿಸಬಹುದಾದ ಮಾದರಿ ಇದು.

ಕನ್ನಡದಲ್ಲಿ ಏನು ಸಿಗುತ್ತದೆ?

ಗೂಗಲ್: ಗೂಗಲ್ ಅಸಿಸ್ಟೆಂಟ್ ಆಂಡ್ರಾಯ್ಡ್ ಫೋನ್‌ಗಳಲ್ಲಿ ಕನ್ನಡ ಕಲಿತು ಕೆಲವು ವರ್ಷಗಳಾದವು. 2024ರ ಜೂನ್‌ನಲ್ಲಿ ಭಾರತಕ್ಕೆ ಬಂದ ಜೆಮಿನಿ ಆ್ಯಪ್ ಒಂಬತ್ತು ಭಾರತೀಯ ಭಾಷೆಗಳಲ್ಲಿ ಸಿಕ್ಕಿತು, ಅದರಲ್ಲಿ ಕನ್ನಡವೂ ಒಂದು.

ಅಲೆಕ್ಸಾ: ಭಾರತಕ್ಕೆ 2017ರಲ್ಲಿ ಬಂತು, 2019ರಲ್ಲಿ ಹಿಂದಿ ಕಲಿತಿತು. ಕನ್ನಡದಲ್ಲಿ ಮಾತಾಡಿಸಲು ಇದು ನೆರವಿಗೆ ಬರದು. ಇಂಗ್ಲಿಷ್ ಅಥವಾ ಹಿಂದಿ ಬಲ್ಲವರಿರುವ ಮನೆಗೆ ಸರಿ.

ಫೋನಿನ ಅಲಾರಾಂ: ಇದನ್ನು ಹಲವರು ಮರೆಯುತ್ತಾರೆ. ಅನೇಕ ಆಂಡ್ರಾಯ್ಡ್ ಫೋನ್‌ಗಳ ಗಡಿಯಾರ ಆ್ಯಪ್‌ನಲ್ಲಿ ಅಲಾರಾಂ ಸದ್ದಿನ ಬದಲು ನಾವೇ ರೆಕಾರ್ಡ್ ಮಾಡಿದ ಧ್ವನಿಯನ್ನು ಇಡಬಹುದು. ‘ಅಮ್ಮಾ, ಥೈರಾಯ್ಡ್ ಮಾತ್ರೆ ಹೊತ್ತಾಯ್ತು, ಕಾಫಿಗೆ ಮೊದಲು ತಗೋ’ ಎಂದು ಮಗಳು ತನ್ನ ದನಿಯಲ್ಲೇ ರೆಕಾರ್ಡ್ ಮಾಡಿಟ್ಟರೆ ಆಯಿತು. ಇಂಟರ್‌ನೆಟ್ ಬೇಡ. ಮಂಗಳೂರು, ಧಾರವಾಡ, ಮೈಸೂರು ಯಾವ ಕಡೆಯ ಕನ್ನಡವಾದರೂ ನಡೆಯುತ್ತದೆ. ಸ್ಪೀಕರ್‌ಗೆ ಕರೆಂಟ್ ಮತ್ತು ವೈಫೈ ಎರಡೂ ಬೇಕು. ಮಳೆಗಾಲದ ಚೆನ್ನೈನಲ್ಲಿ ಎರಡೂ ಕೈಕೊಡುವ ದಿನಗಳಿರುತ್ತವೆ, ಆಗ ಫೋನಿನ ಅಲಾರಾಂ ಕೈಹಿಡಿಯುತ್ತದೆ.

ಮೊದಲು ಚೀಟಿ ಓದಿಕೊಳ್ಳಿ

ಅಸಿಸ್ಟೆಂಟ್‌ಗೆ ಹೇಳುವ ಮುನ್ನ ವೈದ್ಯರು ಬರೆದಿರುವುದು ನಿಮಗೆ ಅರ್ಥವಾಗಬೇಕು. ಚೀಟಿಯಲ್ಲಿ ಸಾಮಾನ್ಯವಾಗಿ ಕಾಣುವ ಗುರುತುಗಳು ಇವು.

• 1-0-1: ಬೆಳಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು.
• ಓಡಿ: ದಿನಕ್ಕೆ ಒಂದು ಸಲ.
• ಬಿಡಿ: ದಿನಕ್ಕೆ ಎರಡು ಸಲ.
• ಟಿಡಿಎಸ್: ದಿನಕ್ಕೆ ಮೂರು ಸಲ.
• ಎಚ್‌ಎಸ್: ಮಲಗುವ ಹೊತ್ತಿಗೆ.
• ಎಸಿ, ಪಿಸಿ: ಊಟಕ್ಕೆ ಮೊದಲು, ಊಟದ ನಂತರ.
• ಎಸ್‌ಒಎಸ್: ಅಗತ್ಯ ಬಿದ್ದಾಗ ಮಾತ್ರ. ಇದಕ್ಕೆ ರಿಮೈಂಡರ್ ಇಡಲೇಬಾರದು.

ಅರ್ಥವಾಗದ ಗುರುತು ಇದ್ದರೆ ಊಹೆ ಮಾಡಬೇಡಿ. ಮೆಡಿಕಲ್ ಶಾಪ್‌ನಲ್ಲಿರುವ ಫಾರ್ಮಸಿಸ್ಟ್ ಬಳಿ ಕೇಳಿ, ಕವರ್ ಮೇಲೆ ಕನ್ನಡದಲ್ಲಿ ಬರೆದುಕೊಳ್ಳಿ. ಸ್ಟ್ರಿಪ್ ಕತ್ತರಿಸಿ ಕೊಡುವಾಗ ಹೆಸರು ಮತ್ತು ಎಕ್ಸ್‌ಪೈರಿ ದಿನಾಂಕ ಇರುವ ತುದಿ ನಿಮ್ಮ ಕೈಗೇ ಬರಲಿ.

ಹೊಂದಿಸುವುದು ಹೇಗೆ? ಹಂತ ಹಂತವಾಗಿ

1. ಎಲ್ಲಾ ಚೀಟಿಗಳನ್ನೂ ಒಟ್ಟಿಗೆ ಇಟ್ಟು ಒಂದೇ ಪಟ್ಟಿ ಮಾಡಿ. ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಕಾಯಿಲೆಗೆ, ಯಾವ ಹೊತ್ತಿಗೆ, ಊಟಕ್ಕೆ ಮೊದಲೋ ನಂತರವೋ ಎಂಬುದನ್ನು ಬರೆಯಿರಿ. ಇಬ್ಬರು ವೈದ್ಯರು ಬೇರೆ ಬೇರೆ ಬ್ರಾಂಡ್ ಹೆಸರಿನಲ್ಲಿ ಒಂದೇ ಔಷಧ ಬರೆದಿದ್ದರೆ ಅದು ಇಲ್ಲಿಯೇ ಸಿಕ್ಕಿಬೀಳುತ್ತದೆ.

2. ಪಟ್ಟಿಯನ್ನು ವೈದ್ಯರಿಗೆ ಅಥವಾ ಫಾರ್ಮಸಿಸ್ಟ್‌ಗೆ ತೋರಿಸಿ ಸರಿ ಇದೆಯೇ ಎಂದು ಕೇಳಿ.

3. ಗಡಿಯಾರಕ್ಕಿಂತ ದಿನಚರಿಗೆ ಕಟ್ಟಿ. ಬೆಳಗಿನ ಕಾಫಿ, ತಿಂಡಿ, ರಾತ್ರಿ ಊಟ, ಟಿವಿ ಧಾರಾವಾಹಿ ಹೀಗೆ ದಿನವೂ ತಪ್ಪದ ಕೆಲಸದ ಹೊತ್ತಿಗೆ ರಿಮೈಂಡರ್ ಇಡಿ. ಸ್ನಾನದಲ್ಲಿರುವಾಗ, ದೇವಸ್ಥಾನಕ್ಕೆ ಹೋದಾಗ ಕೂಗುವ ರಿಮೈಂಡರ್ ವ್ಯರ್ಥ.

4. ಥೈರಾಯ್ಡ್ ಮಾತ್ರೆ (ಲಿವೋಥೈರಾಕ್ಸಿನ್) ಖಾಲಿ ಹೊಟ್ಟೆಗೆ ಬೇಕು. ತಿಂಡಿಗೆ, ಕಾಫಿಗೆ ಅರ್ಧದಿಂದ ಒಂದು ಗಂಟೆ ಮೊದಲು. ಕ್ಯಾಲ್ಸಿಯಂ ಮತ್ತು ಕಬ್ಬಿಣಾಂಶದ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ. ಎಲ್ಲವನ್ನೂ ‘ಬೆಳಗ್ಗೆ ಎಂಟು’ ಎಂದು ಒಂದೇ ರಿಮೈಂಡರ್‌ಗೆ ತುರುಕಿದರೆ ಮಾತ್ರೆ ನುಂಗಿಯೂ ಪೂರ್ತಿ ಪ್ರಯೋಜನವಾಗದು.

5. ‘ಬಿಳಿ ಮಾತ್ರೆ’, ‘ಗುಲಾಬಿ ಮಾತ್ರೆ’ ಎಂದು ಬಣ್ಣದ ಹೆಸರಿನಲ್ಲಿ ರಿಮೈಂಡರ್ ಇಡಬೇಡಿ. ಜನೌಷಧಿ ಕೇಂದ್ರ ಅಥವಾ ಬೇರೆ ಅಂಗಡಿಯಲ್ಲಿ ಕೊಂಡರೆ ಅದೇ ಔಷಧದ ಬಣ್ಣ, ಆಕಾರ ಬದಲಾಗುತ್ತದೆ. ‘ಬಿಪಿ ಮಾತ್ರೆ’, ‘ಶುಗರ್ ಮಾತ್ರೆ’ ಎನ್ನಿ.

6. ಏಳು ದಿನದ ಖಾನೆಗಳಿರುವ ಮಾತ್ರೆ ಡಬ್ಬಿಯನ್ನು ಜತೆಗೆ ಬಳಸಿ. ಭಾನುವಾರ ತುಂಬಿಸಿ. ದನಿ ನೆನಪಿಸಿದ ಮೇಲೆ ಖಾನೆ ಖಾಲಿಯಾಗಿದೆಯೇ ಎಂಬುದು ಕಣ್ಣಿಗೆ ಕಾಣುತ್ತದೆ. ವಿಡಿಯೋ ಕಾಲ್‌ನಲ್ಲಿ ಮಗನೂ ನೋಡಬಹುದು. ಕೆಲವು ಔಷಧಗಳನ್ನು ಮೂಲ ಪ್ಯಾಕ್‌ನಿಂದ ತೆಗೆಯಬಾರದು, ಡಬ್ಬಿಗೆ ಹಾಕುವ ಮುನ್ನ ಫಾರ್ಮಸಿಸ್ಟ್ ಬಳಿ ಕೇಳಿಕೊಳ್ಳಿ.

7. ಚೀಟಿ ಬದಲಾದ ದಿನವೇ ರಿಮೈಂಡರ್ ಬದಲಿಸಿ. ವೈದ್ಯರು ನಿಲ್ಲಿಸಿದ ಮಾತ್ರೆಯನ್ನು ಯಂತ್ರ ತಿಂಗಳುಗಟ್ಟಲೆ ನೆನಪಿಸುತ್ತಲೇ ಇರುತ್ತದೆ, ಅದಕ್ಕೆ ತಾನಾಗಿ ತಿಳಿಯುವುದಿಲ್ಲ.

ಅಪಾಯ ಎಲ್ಲಿ?

ವಾರಕ್ಕೊಂದು ಮಾತ್ರೆ, ದಿನಕ್ಕೊಂದಾದರೆ: ಸಂಧಿವಾತ, ಸೋರಿಯಾಸಿಸ್‌ಗೆ ಕೊಡುವ ಮೆಥೊಟ್ರೆಕ್ಸೇಟ್ ಅನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ತಪ್ಪಿ ದಿನವೂ ತೆಗೆದುಕೊಂಡರೆ ರಕ್ತಕಣಗಳು ಉತ್ಪತ್ತಿಯಾಗುವ ಅಸ್ಥಿಮಜ್ಜೆಗೇ ಪೆಟ್ಟು ಬಿದ್ದು ಜೀವಕ್ಕೆ ಅಪಾಯವಾಗುತ್ತದೆ. ಇಂಥ ತಪ್ಪಿನಿಂದ ಸಾವುಗಳಾಗಿರುವುದು ಹಲವು ದೇಶಗಳಲ್ಲಿ ದಾಖಲಾಗಿದೆ. ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್‌ನ ಕೆಲವು ಮಾತ್ರೆಗಳು, 60,000 ಯೂನಿಟ್‌ನ ವಿಟಮಿನ್ ಡಿ ಕೂಡ ಸಾಮಾನ್ಯವಾಗಿ ವಾರಕ್ಕೊಮ್ಮೆ. ರಿಮೈಂಡರ್ ಇಟ್ಟ ಮೇಲೆ ‘ಪ್ರತಿದಿನ’ ಎಂದು ಉಳಿದಿದೆಯೋ ‘ಪ್ರತಿ ಸೋಮವಾರ’ ಎಂದಾಗಿದೆಯೋ ಸ್ಕ್ರೀನ್ ಮೇಲೆ ಕಣ್ಣಾರೆ ನೋಡಿ. ದನಿಯಲ್ಲಿ ಹೇಳಿ ಬಿಟ್ಟುಬಿಡಬೇಡಿ.

ಏಕಾದಶಿಯಂದೂ ಕೂಗುವ ಯಂತ್ರ: ಉಪವಾಸ ಮಾಡುವ ಹಿರಿಯರಿರುವ ಮನೆಯಲ್ಲಿ ಇದು ಮುಖ್ಯ. ಗ್ಲಿಮಿಪಿರೈಡ್‌ನಂಥ ಶುಗರ್ ಮಾತ್ರೆ ತೆಗೆದುಕೊಂಡು ಊಟ ಬಿಟ್ಟರೆ ರಕ್ತದಲ್ಲಿ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಏಕಾದಶಿ, ಸಂಕಷ್ಟಿ, ರಂಜಾನ್ ಯಾವುದೂ ರಿಮೈಂಡರ್‌ಗೆ ಗೊತ್ತಿಲ್ಲ, ಅದು ಎಂದಿನಂತೆ ‘ಶುಗರ್ ಮಾತ್ರೆ ತಗೊಳ್ಳಿ’ ಎನ್ನುತ್ತದೆ. ಉಪವಾಸದ ದಿನ ಏನು ಮಾಡಬೇಕು ಎಂದು ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಬೆವರು, ನಡುಕ, ಗಲಿಬಿಲಿ ಕಂಡರೆ, ಎಚ್ಚರವಿದ್ದು ನುಂಗಲು ಆಗುತ್ತಿದ್ದರೆ, ತಕ್ಷಣ ಗ್ಲೂಕೋಸ್ ಅಥವಾ ಸಕ್ಕರೆ ನೀರು ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ.

ಎರಡು ಸಲ ನುಂಗುವುದು: ಫೋನ್ ಒಮ್ಮೆ, ಸ್ಪೀಕರ್ ಒಮ್ಮೆ, ಮಗ ಒಮ್ಮೆ ನೆನಪಿಸಿದರೆ ಮರೆವು ಇರುವವರು ಎರಡು ಸಲ ತೆಗೆದುಕೊಳ್ಳಬಹುದು. ರಿಮೈಂಡರ್ ಒಂದೇ ಕಡೆ ಇರಲಿ. ಒಂದು ಹೊತ್ತು ತಪ್ಪಿದರೆ ಮುಂದಿನ ಹೊತ್ತಿಗೆ ಎರಡು ನುಂಗುವುದು ಬೇಡ. ತಪ್ಪಿದಾಗ ಏನು ಮಾಡಬೇಕು ಎಂಬುದು ಔಷಧದಿಂದ ಔಷಧಕ್ಕೆ ಬೇರೆ, ವೈದ್ಯರ ಬಳಿ ಕೇಳಿ ಪಟ್ಟಿಯಲ್ಲೇ ಬರೆದಿಡಿ.

ಹೆಸರು ತಪ್ಪಾಗಿ ಕೇಳಿಸಿಕೊಳ್ಳುವುದು: ಅಮೆರಿಕದಲ್ಲಿ ಹೆಚ್ಚು ಮಾರಾಟವಾಗುವ 50 ಔಷಧಗಳ ಹೆಸರನ್ನು ಜನರಿಂದ ಹೇಳಿಸಿ ನಡೆಸಿದ 2019ರ ಅಧ್ಯಯನದಲ್ಲಿ ಗೂಗಲ್ ಅಸಿಸ್ಟೆಂಟ್ ಬ್ರಾಂಡ್ ಹೆಸರುಗಳಲ್ಲಿ ಶೇ. 91.8ರಷ್ಟನ್ನು ಸರಿಯಾಗಿ ಗುರುತಿಸಿತು. ಸಿರಿ ಶೇ. 58.5, ಅಲೆಕ್ಸಾ ಶೇ. 54.6. ಬಳಿಕ ತಂತ್ರಜ್ಞಾನ ಸುಧಾರಿಸಿದೆ. ಆದರೆ ಕನ್ನಡ ವಾಕ್ಯದ ನಡುವೆ ಬರುವ ಇಂಗ್ಲಿಷ್ ಔಷಧದ ಹೆಸರನ್ನು ಅದು ಏನೆಂದು ಬರೆದುಕೊಂಡಿದೆ ಎಂದು ಓದಿ ನೋಡುವ ಅಭ್ಯಾಸ ಬಿಡಬೇಡಿ.

ಸಲಹೆ ಕೇಳುವುದು: ‘ಈ ಎರಡು ಮಾತ್ರೆ ಒಟ್ಟಿಗೆ ತಗೋಬಹುದಾ?’ ಎಂಬುದನ್ನು ಅಸಿಸ್ಟೆಂಟ್ ಬಳಿ ಕೇಳಿ ಅದರಂತೆ ನಡೆಯಬೇಡಿ. ಬಾಸ್ಟನ್‌ನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ತಂಡ 2018ರಲ್ಲಿ 54 ಮಂದಿಗೆ ಸಿರಿ, ಅಲೆಕ್ಸಾ, ಗೂಗಲ್ ಅಸಿಸ್ಟೆಂಟ್ ಕೊಟ್ಟು ಇಂಥ ಪ್ರಶ್ನೆ ಕೇಳಿಸಿತು. ಉತ್ತರ ಪಡೆದು ಮುಂದೇನು ಮಾಡುತ್ತೇವೆ ಎಂದು ಅವರು ಹೇಳಿದ 168 ಸಂದರ್ಭಗಳಲ್ಲಿ ಶೇ. 29ರಷ್ಟು ರೋಗಿಗೆ ಹಾನಿ ತರಬಹುದಾಗಿದ್ದವು, ಶೇ. 16ರಷ್ಟು ಪ್ರಾಣಕ್ಕೇ ಎರವಾಗಬಹುದಾಗಿದ್ದವು. ಇಂದಿನ ಎಐ ಚಾಟ್‌ಬಾಟ್‌ಗಳು ಅವಕ್ಕಿಂತ ಬಹಳ ಚೆನ್ನಾಗಿ ಮಾತನಾಡುತ್ತವೆ, ಹಾಗಾಗಿ ತಪ್ಪನ್ನೂ ನಂಬುವಂತೆ ಹೇಳಬಲ್ಲವು. ಭಾರತದ ಟೆಲಿಮೆಡಿಸಿನ್ ಮಾರ್ಗಸೂಚಿ (ಮಾರ್ಚ್ 2020) ಕೂಡ ಎಐ ಆಧಾರಿತ ವೇದಿಕೆಗಳು ರೋಗಿಗೆ ಸಲಹೆ ನೀಡುವಂತಿಲ್ಲ, ಔಷಧ ಬರೆಯುವಂತಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ.

ಮನೆ ತುಂಬಾ ಕೇಳಿಸಿದರೆ?

ಹಾಲ್‌ನಲ್ಲಿರುವ ಸ್ಪೀಕರ್ ‘ಟಿಬಿ ಮಾತ್ರೆ ತೆಗೆದುಕೊಳ್ಳುವ ಸಮಯ’ ಎಂದು ಕೂಗಿದರೆ ಬಾಡಿಗೆ ಮನೆಯ ಮಾಲೀಕರಿಗೂ ಕೇಳಿಸಬಹುದು. ಟಿಬಿ, ಎಚ್‌ಐವಿ, ಮಾನಸಿಕ ಆರೋಗ್ಯದ ಔಷಧ ತೆಗೆದುಕೊಳ್ಳುವವರಿಗೆ ಇದು ಸಣ್ಣ ವಿಷಯವಲ್ಲ. ನಾಲ್ಕು ಜನಕ್ಕೆ ಗೊತ್ತಾಗುತ್ತದೆ ಎಂಬ ಭಯಕ್ಕೇ ಚಿಕಿತ್ಸೆ ಬಿಟ್ಟವರಿದ್ದಾರೆ. ಇಂಥ ಕಡೆ ‘ನೀರು ಕುಡಿಯೋ ಹೊತ್ತು’ ಎಂಬಂಥ ಗುಟ್ಟಿನ ಮಾತನ್ನು ರಿಮೈಂಡರ್ ಆಗಿ ಇಡಿ, ಅಥವಾ ಜೇಬಿನ ಫೋನ್ ಸದ್ದಿಲ್ಲದೆ ಅದುರುವಂತೆ ಮಾಡಿ. ಕೆನ್ಯಾದ ಮೆಸೇಜ್‌ನಲ್ಲಿ ಕಾಯಿಲೆಯ ಹೆಸರೇ ಇರಲಿಲ್ಲ ಎಂಬುದನ್ನು ನೆನಪಿಡಿ.

ಸ್ಪೀಕರ್‌ಗೆ ಹೇಳಿದ ಮಾತು ಕಂಪನಿಯ ಸರ್ವರ್‌ಗೆ ಹೋಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಹಳೆಯ ಧ್ವನಿ ದಾಖಲೆಗಳನ್ನು ಅಳಿಸುವ ಆಯ್ಕೆ ಇದೆ, ಬಳಸಿ. ಇನ್ನೊಂದು ಮಾತು. ಈ ವ್ಯವಸ್ಥೆ ಯಾರಿಗಾಗಿಯೋ ಅವರ ಒಪ್ಪಿಗೆ ಕೇಳಿ. ಅಮ್ಮ ಮಾತ್ರೆ ತಗೊಂಡರೋ ಇಲ್ಲವೋ ಎಂದು ಬೆಂಗಳೂರಿನಿಂದ ಕಾವಲು ಕಾಯುವ ಕ್ಯಾಮೆರಾ ಅವರಿಗೆ ಬೇಡವಾಗಿರಬಹುದು.

ಯಾರನ್ನು ಕೇಳಬಹುದು?

• ಟಿಬಿ ಚಿಕಿತ್ಸೆಯ ಮಾಹಿತಿಗೆ: ನಿಕ್ಷಯ್ ಸಂಪರ್ಕ್ ಉಚಿತ ಸಹಾಯವಾಣಿ 1800-11-6666.
• ಸಾಮಾನ್ಯ ಆರೋಗ್ಯ ಸಲಹೆಗೆ: 104 (ಕರ್ನಾಟಕ ಮತ್ತು ತಮಿಳುನಾಡು).
• ತುರ್ತು ಆಂಬುಲೆನ್ಸ್: 108.
• ತಮಿಳುನಾಡಿನಲ್ಲಿರುವವರಿಗೆ: ಬಿಪಿ, ಶುಗರ್ ಮಾತ್ರೆಯನ್ನು ಮನೆಗೇ ತಲುಪಿಸುವ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ ಇದೆ. 2021ರ ಆಗಸ್ಟ್ 5ರಂದು ಗಡಿ ಜಿಲ್ಲೆ ಕೃಷ್ಣಗಿರಿಯ ಸಾಮನಪಳ್ಳಿಯಲ್ಲಿ ಆರಂಭವಾದ ಯೋಜನೆ ಇದು. ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಮಾತ್ರೆ ಮುಗಿದು ತರುವವರಿಲ್ಲ ಎಂಬ ಕಾರಣಕ್ಕೆ ತಪ್ಪುತ್ತಿದ್ದರೆ ರಿಮೈಂಡರ್‌ಗಿಂತ ಇದೇ ಉಪಯೋಗ.

ಕೊನೆಗೆ ಫೋನ್ ಕಾಲ್‌ನ ವಿಷಯ

ಹೊತ್ತಿಗೆ ನೆನಪಿಸುವ ಕೆಲಸವನ್ನು ಯಂತ್ರಕ್ಕೆ ಬಿಟ್ಟರೆ ಮನೆಯವರಿಗೆ ಒಂದು ಬಿಡುವು ಸಿಗುತ್ತದೆ. ರಾತ್ರಿಯ ಫೋನ್‌ನಲ್ಲಿ ‘ಮಾತ್ರೆ ತಗೊಂಡ್ಯಾ?’ ಎಂದು ವಿಚಾರಣೆ ಮಾಡಬೇಕಿಲ್ಲ. ಅದರ ಬದಲು ‘ಹೇಗಿದ್ದೀಯಮ್ಮಾ? ಆ ಹೊಸ ಮಾತ್ರೆಯಿಂದ ಹೊಟ್ಟೆಗೆ ಏನಾದ್ರೂ ಆಗ್ತಿದೆಯಾ? ಇನ್ನೆಷ್ಟು ದಿನಕ್ಕಿದೆ?’ ಎಂದು ಕೇಳಬಹುದು. ‘ಆ ಮಾತ್ರೆ ತಗೊಂಡ್ರೆ ತಲೆ ಸುತ್ತತ್ತೆ ಕಣೋ, ಅದಕ್ಕೆ ಎರಡು ದಿನದಿಂದ ಬಿಟ್ಟಿದ್ದೀನಿ’ ಎಂಬ ಉತ್ತರ ಬಂದರೆ ಬೈಯಬೇಡಿ. ವೈದ್ಯರಿಗೆ ತಿಳಿಸಬೇಕಾದ ಮಾತು ಅದೇ.

(ಗಮನಿಸಿ: ಈ ಲೇಖನ ಸಾಮಾನ್ಯ ಮಾಹಿತಿಗಾಗಿ ಮಾತ್ರ. ಯಾವುದೇ ಔಷಧವನ್ನು ಆರಂಭಿಸುವ, ನಿಲ್ಲಿಸುವ ಅಥವಾ ಹೊತ್ತು ಬದಲಿಸುವ ಮುನ್ನ ನಿಮ್ಮ ವೈದ್ಯರನ್ನು ಸಂಪರ್ಕಿಸಿ.)